ಎಂಟು ಆವರ್ತದ ಜಾಗ

ಮಂಗಳವಾರ, ಮಧ್ಯಾಹ್ನ

ಫೋನ್ ಎತ್ತದ ಪಿಯಾನೋ ಮಹಾಶಯರಿಗೆ,

ನಿನ್ನ ನಂಬರಿಗೆ ಫೋನ್ ಮಾಡಿದಾಗಲೆಲ್ಲ ನಿನ್ನ ಅಕ್ಕನೇ ಎತ್ತಿ, ಅವನು ವಾಕಿಂಗ್ ಹೋಗಿದಾನಮ್ಮ ಅನ್ನುತ್ತಾರೆ. ಇಷ್ಟು ನಡೆದವನು ಇಷ್ಟೊತ್ತಿಗೆ ನಮ್ಮ ಮನೆ ಬಾಗಿಲಿಗೇ ಬಂದು ಮುಟ್ಟಬೇಕಿತ್ತು. ಅದಕ್ಕೇ ಈ ಕಾಗದ. ಕೋಪ ಬಂದರೆ ಹರಿದು ಹಾಕು, ಆದರೆ ಪೂರ್ತಿ ಓದಿ ಆಮೇಲೆ ಹರಿ.

ಆಲ್ಬಮ್ ಮುಗಿಯಿತು. ಮೊದಲ ಆಲ್ಬಮ್, ಎಲ್ಲ ರಚನೆಯೂ ನನ್ನದೇ. ಕುಣಿದಾಡಬೇಕಾದವಳು ಶನಿವಾರದಿಂದ ಊಟ ಸೇರದೆ ಅಡುಗೆಮನೆಗೂ ಕಿಟಕಿಗೂ ಅಲೆಯುತ್ತಿದ್ದೇನೆ. ಶುಕ್ರವಾರ ಅದು ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ನಿನ್ನದೊಂದು ಮಾತು ಬೇಕು.

ಬಸ್ಸಿನ ಬಾಗಿಲಿಗೆ ಸಿಕ್ಕ ನಿನ್ನ ಬೆರಳು ಮಡಚುವುದೇ ಇಲ್ಲ ಅಂತ ಡಾಕ್ಟರು ಹೇಳಿದ ವಾರ ನೀನು ಅಕ್ಕನ ಮನೆಗೆ ಹೊರಟೆಯಲ್ಲ, ಆಗ ಎಡಗೈಯಲ್ಲಿ ಚೀಲದ ಜಿಪ್ ಎಳೆಯುತ್ತ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. ಇನ್ಯಾರನ್ನಾದ್ರೂ ಕೂರಿಸ್ಕೋ, ಇಲ್ಲ ನೀನೇ ತುಂಬ್ಕೋ, ನನ್ನ ಜಾಗ ಮಾತ್ರ ಖಾಲಿ ಬಿಡಬೇಡ, ಜನ ಅಯ್ಯೋ ಪಾಪ ಅನ್ನೋದು ನನಗೆ ಬೇಕಿಲ್ಲ ಅಂದೆ. ಆಗಲಿ ಅಂತ ನಾನು ಮಾತು ಕೊಟ್ಟೆ.

ಬೇರೆ ಪಿಯಾನೋದವರನ್ನು ಕರೆಯಲು ಮನಸ್ಸು ಬರಲಿಲ್ಲ. ಕೊನೆಯ ರಚನೆಯಲ್ಲಿ ನಾವೆಲ್ಲ ದನಿ ತಗ್ಗಿಸಿ, ನೀನು ಒಬ್ಬನೇ ನುಡಿಸುತ್ತಿದ್ದ ಎಂಟು ಆವರ್ತಕ್ಕೆ ನಾನು ಊದುವ ಟ್ರಾಂಬೋನಿಗೇ ಹೊಸ ಸಾಲು ಬರೆದೆ. ಬೇಸ್ ನುಡಿಸುವ ನಮ್ಮ ದೊಡ್ಡಪ್ಪ, ಡ್ರಮ್ಸಿನ ಅಮ್ಮಣ್ಣಿ, ನಾನು, ಮೂವರೇ ಅದನ್ನು ತಿಂಗಳುಗಟ್ಟಲೆ ತಿಕ್ಕಿದೆವು. ಅಭ್ಯಾಸದಲ್ಲಿ ಒಮ್ಮೆಯೂ ತಪ್ಪಲಿಲ್ಲ.

ರೆಕಾರ್ಡಿಂಗ್ ಮಾಡಿದ್ದು ಗೋಡೆಗೆಲ್ಲ ಹಳೇ ಕಂಬಳಿ ಹೊಡೆದ ಒಂದೇ ಕೋಣೆಯಲ್ಲಿ. ಮೂವರೂ ಹತ್ತಿರ ಹತ್ತಿರವೇ ಇದ್ದು ನುಡಿಸಿದ್ದರಿಂದ ಒಬ್ಬರ ನಾದ ಇನ್ನೊಬ್ಬರ ಮೈಕಿಗೂ ಬೀಳುತ್ತದೆ. ಆಮೇಲೆ ಕತ್ತರಿಸಿ ತೇಪೆ ಹಾಕುವ ಹಾಗಿಲ್ಲ. ನುಡಿಸಿದ್ದೇ ಕಡೆ.

ಆ ಜಾಗ ಬಂತು. ಎದೆ ತುಂಬ ಉಸಿರಿತ್ತು, ಕಣ್ಣೆದುರು ಹಾಳೆಯಿತ್ತು. ಅಷ್ಟಿದ್ದೂ ಟ್ರಾಂಬೋನ್ ತಾನಾಗಿ ತುಟಿಯಿಂದ ಕೆಳಗಿಳಿಯಿತು. ಕತ್ತು ಎಡಕ್ಕೆ, ನೀನು ಕೂರುತ್ತಿದ್ದ ಕಡೆಗೆ ತಿರುಗಿತು. ಅದೇ ಗಳಿಗೆಗೆ ಅಮ್ಮಣ್ಣಿ ಕೋಲು ಬಿಟ್ಟು, ಮೆಲುದನಿಗೆ ಡ್ರಮ್ ಸವರುವ ಬ್ರಶ್ ಹಿಡಿದಿದ್ದಳು. ದೊಡ್ಡಪ್ಪ ತಂತಿಯನ್ನು ಸವರುತ್ತಿದ್ದರು ಅಷ್ಟೇ. ಇಷ್ಟು ವರ್ಷ ನಿನಗೆ ದಾರಿ ಬಿಟ್ಟ ಹಾಗೆಯೇ ಮೂವರೂ ಬಿಟ್ಟೆವು. ಎಂಟು ಆವರ್ತ ಮುಗಿಯುತ್ತಲೇ ಒಟ್ಟಿಗೆ ಮತ್ತೆ ದನಿ ಏರಿಸಿದೆವು. ಗಾಜಿನಾಚೆ ಕೂತಿದ್ದ ರೆಕಾರ್ಡಿಂಗಿನವರು ಬಗ್ಗಿ ಮೇಜಿನಡಿ ಹುಡುಕುತ್ತಿದ್ದರು. ಏನ್ ಮೇಡಂ, ಯಾವುದಾದ್ರೂ ವೈರ್ ಕಿತ್ತು ಬಂತಾ ಅಂತ ಕೇಳಿದರು.

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಆದರೆ ಕೂತು ಕೇಳಿದಾಗ, ದೊಡ್ಡಪ್ಪ ಕನ್ನಡಕ ಒರೆಸಿಕೊಂಡು, ಇದನ್ನ ಮುಟ್ಟಬೇಡ ಕಣಮ್ಮ, ಇದರ ಮುಂದೆ ಉಳಿದದ್ದೆಲ್ಲ ಸಪ್ಪೆ ಅಂದರು. ಅವರು ನನ್ನನ್ನು ಹೊಗಳಿದ್ದು ಇದೇ ಮೊದಲು, ಅದೂ ನಾನು ಊದದೆ ಇದ್ದದ್ದಕ್ಕೆ.

ನನ್ನ ಭಯ ಇಷ್ಟೇ. ಇದನ್ನು ಅಂಗಡಿಯಲ್ಲೋ ರೇಡಿಯೋದಲ್ಲೋ ಕೇಳಿ, ಬೇಡ ಅಂದದ್ದನ್ನೇ ಊರಿಗೆಲ್ಲ ಸಾರಿದಳು ಅಂದುಕೊಂಡರೆ ನೀನು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಆಲ್ಬಮ್ಮಿಗಾಗಿ ನಿನ್ನನ್ನು ಕಳೆದುಕೊಳ್ಳಲು ನಾನು ತಯಾರಿಲ್ಲ. ನನಗೆ ನಿನ್ನ ಮೇಲೆ ಕರುಣೆಯೇನೂ ಇಲ್ಲ, ಸಿಟ್ಟಿದೆ. ಅದು ಬೇರೆ ವಿಷಯ.

ಜೊತೆಗೆ ಸಿಡಿ ಇಟ್ಟಿದ್ದೇನೆ. ಕೇಳಿ, ಇರಲಿ ಅಥವಾ ಬೇಡ ಅಂತ ಒಂದೇ ಒಂದು ಮಾತು ಹೇಳು. ಬೇಡ ಅಂದರೆ ಚಿಂತೆಯಿಲ್ಲ. ಎರಡನೇ ಸಲ ನುಡಿಸಿದ್ದೂ ಇದೆ, ಅದನ್ನೇ ಹಾಕಿಸುತ್ತೇನೆ.

ನೀನು ಹೋದ ಮೇಲಾದರೂ ಒಗೆದ ಬಟ್ಟೆಯನ್ನು ಪಿಯಾನೋ ಮೇಲೆ ಪೇರಿಸಬಹುದು ಅಂದುಕೊಂಡಿದ್ದೆ. ಬೈಯುವವರಿಲ್ಲದೆ ಅದೂ ರುಚಿಸಲಿಲ್ಲ. ಕುರ್ಚಿಯ ಮೇಲೇ ಇಡುತ್ತಿದ್ದೇನೆ. ಬೆರಳಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ.

ಇತಿ,
ನೀನು ಕರೆಯುವ ಹಾಗೆ,
ತುತ್ತೂರಿ

ಮರೆತಿದ್ದೆ: ಎರಡನೇ ಸಲ ನುಡಿಸಿದ್ದೂ ಅದೇ ಸಿಡಿಯಲ್ಲಿದೆ, ಕೇಳಿದರೆ ಹೇಗೂ ಗೊತ್ತಾಗುತ್ತದೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಅದರಲ್ಲೂ ಆ ಎಂಟು ಆವರ್ತ ಖಾಲಿಯೇ ಇದೆ. ಮೊದಲ ಸಲ ಮೂವರೂ ಮೈಮರೆತಿದ್ದೆವು. ಎರಡನೇ ಸಲ ಯಾರೂ ಮರೆತಿರಲಿಲ್ಲ.