ಸುತ್ತೋಲೆಗೆ ಮುದ್ರೆ ಒತ್ತಬೇಡ

ಕಯೋ,

ಅಕ್ಕಿ ಡಬ್ಬಿಗೆ ಕೈ ಹಾಕುವವಳು ನೀನೊಬ್ಬಳೇ, ಅದಕ್ಕೇ ಚೀಟಿ ಇಲ್ಲಿಟ್ಟಿದ್ದೇನೆ. ಓದಿ ಒಲೆಗೆ ಹಾಕು. ಮಿಸೊ ಸಾರು ಬಿಸಿ ಮಾಡಿಕೊ.

ನಮ್ಮನೆಯ ಮುದ್ರೆ ನನ್ನ ಜೇಬಿನಲ್ಲಿದೆ, ಹುಡುಕಬೇಡ. ಕುರೋದಾ ಮಾವ ಓಣಿಯ ಸುತ್ತೋಲೆ ಹಿಡಿದು ಬರುತ್ತಾರೆ. ಮೀನಂಗಡಿಯ ಹಿರಾನೊ ಸತ್ತ ಹೊತ್ತಿಗೆ ನಾವೆಲ್ಲ ಸಭೆಯಲ್ಲಿದ್ದೆವು ಅಂತ ಅದರಲ್ಲಿದೆ. ಹನ್ನೊಂದು ಮನೆಯವರು ಹೌದೆಂದು ಮುದ್ರೆ ಒತ್ತಿದ್ದಾರೆ, ಓಣಿಯ ಪೊಲೀಸಿನವನೂ ಸೇರಿ. ನಮ್ಮದೊಂದೇ ಬಾಕಿ. ಮುದ್ರೆ ಒತ್ತು, ಇಲ್ಲವೇ ಕತ್ತು. ಅವರ ಒತ್ತಾಯ ಇಷ್ಟೇ.

ಬೈಯಬೇಡ, ಬೆಳಿಗ್ಗೆ ಒಂದು ಚೇಷ್ಟೆ ಮಾಡಿದೆ. ಕುರೋದಾ ಮನೆಯ ಬೇಲಿಯ ಹಿಂದೆ ನಿಂತು ಹಿರಾನೊನ ಹಾಗೆಯೇ ಕೆಮ್ಮಿ, "ಅಕ್ಕಾ, ತಾಜಾ ಬಂಗುಡೆ ಐತೆ" ಅಂದೆ. ಅತ್ತೆ ಬೋಗುಣಿ ಕೈಬಿಟ್ಟು, "ರೀ, ಮೂರೇಟಿಗೆ ತಲೆ ಹೋಳಾಗಿತ್ತಲ್ಲ, ಎದ್ದು ಬಂದ್ನಾ?" ಎಂದು ಕಿರುಚಿದರು. ಮಾವ ಸಲಿಕೆ ಎತ್ತಿಕೊಂಡೇ ಓಡಿ ಬಂದರು. ಅದರ ಹಿಡಿಯ ಸಂದಿನಲ್ಲಿ ರಕ್ತ ಇನ್ನೂ ಕಪ್ಪಗೆ ಹೆಪ್ಪುಗಟ್ಟಿತ್ತು.

ಈ ಓಣಿಯಲ್ಲಿ ಸತ್ತವರ ದನಿ ತೆಗೆಯುವ ಕೋತಿ ನಾನೊಬ್ಬನೇ ಎಂದು ಅವರಿಗೆ ಗೊತ್ತು. ಅವರು ನನ್ನ ಪ್ರಾಣ ತೆಗೆಯುವ ಮೊದಲು ಪಟ್ಟಣದ ಠಾಣೆ ಮುಟ್ಟಬೇಕು.

ಎರಡೂ ಚಿಲಕ ಹಾಕು. ಬಾಗಿಲಲ್ಲಿ ನನ್ನ ದನಿ ಕೇಳಿಸಿದರೆ ಕತ್ತಿನ ಮೇಲೆ ಕತ್ತಿ ಇಟ್ಟು ಕೂಗಿಸುತ್ತಿದ್ದಾರೆ ಎಂದು ತಿಳಿ. ನಾನು ಎಷ್ಟು ಅತ್ತರೂ ತೆಗೆಯಬೇಡ.

ಅಮ್ಮ ಹೋದ ಮೇಲೆ ಅವಳ ದನಿ ಮಾತ್ರ ತೆಗೆಯಕೂಡದು ಅಂತ ಆಣೆ ಹಾಕಿಸಿದ್ದೆಯಲ್ಲ, ಇದೊಂದು ಸಲ ಮುರಿಯುತ್ತೇನೆ. "ಕಯೋ, ಇವತ್ತೂ ಕಾಲು ಒದ್ದೆ ಮಾಡ್ಕೊಂಡು ಬಂದ್ಯೇನೇ?" ಎಂದು ಅಮ್ಮ ಕೇಳಿದರೆ, ಆಗ ತೆಗೆ.

ರೋಕುರೊ ಅಣ್ಣ