ನೆರಳಿಗೆ ಹಾಕಿದ ಕೊಂಡಿ

ನೆರಳೂರು, ಹಳೇ ಇಳಕಲ್ಲಿನ ಪಡುವಣ ಓಣಿ
ನೂರಾ ಅರವತ್ತೆರಡನೆಯ ನೆರಳು, ಚೈತ್ರದ ಮೊದಲ ಗಾಳಿಯ ಮರುದಿನ

ಭಾಗ್ಯಶ್ರೀ ತಾಯಿಗೆ ನಿನ್ನ ಮನೆಯ ತುಂಗವ್ವ ಮಾಡುವ ಶರಣು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡ. ನಾವು ವರ್ಷ ಎಣಿಸುವುದನ್ನು ಬಿಟ್ಟು ನೆರಳು ಎಣಿಸುತ್ತೇವೆ. ಬಿಸಿಲು ತಡೆಯಲು ಊರಿಗೆ ಊರೇ ಹೊದ್ದ ಅರಿವೆಗೆ, ಎಂದರೆ ಬಟ್ಟೆಗೆ, ಪ್ರತಿ ಯುಗಾದಿಗೆ ಹೊಸ ಪಟ್ಟಿ ಸೇರುತ್ತದೆ. ಅದು ಒಂದು ನೆರಳು. ನನ್ನ ಮಾತುಗಳೂ ನಿನಗೆ ಓರೆಯಾಗಿ ಕೇಳಿಸಬಹುದು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ ನಾನು, ಅಂಗಡಿ ಹಲಗೆಗಳನ್ನು ಓದುತ್ತ ಅಕ್ಷರ ಕಲಿತೆ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದು. ವಂಶದ ಲೆಕ್ಕದಲ್ಲಿ ನೀನು ನನಗಿಂತ ಎಷ್ಟೋ ತಲೆಮಾರು ಹಿಂದಿನ ಹಿರಿಯಳು. ಆದರೆ ಈ ಕಾಗದ ಮುಟ್ಟುವಾಗ ನೀನು ಮಗ್ಗಕ್ಕೆ ಹೊಸದಾಗಿ ಕೂತ ಹುಡುಗಿ, ನಾನು ಹಲ್ಲು ಬಿದ್ದ ಮುದುಕಿ. ಅದಕ್ಕೇ ಏಕವಚನ, ಮನ್ನಿಸು.

ನಿನ್ನ ಕಾಲದ ಬಿಸಿಲು ಈಗಿಲ್ಲ. ಈಗಿನದು ಕೊಲ್ಲುವ ಬಿಸಿಲು. ಹೊಲದ ಕೆಲಸ ಮಬ್ಬುಗತ್ತಲಲ್ಲೇ ಮುಗಿಯುತ್ತದೆ. ಹೊತ್ತೇರಿದರೆ ಅಡಗುಹೊತ್ತು: ಓಣಿಯ ಜನವೆಲ್ಲ ಹಗೇವಿಗೆ ಇಳಿಯುತ್ತೇವೆ. ನಿಮ್ಮ ಹಿರಿಯರು ಜೋಳ ತುಂಬುತ್ತಿದ್ದ ತಗ್ಗುಗಳಲ್ಲಿ ನಾವು ಮನುಷ್ಯರನ್ನು ತುಂಬಿಡುತ್ತೇವೆ. ಇಳಿಹೊತ್ತಿಗೆ ಮೇಲೆ ಬಂದರೆ ಅರಿವೆಯಿಂದ ಸೋಸಿದ ಬೆಳಕು, ರೊಟ್ಟಿ ಬಡಿಯುವ ಸಪ್ಪಳ. ಪುಂಡಿಪಲ್ಲೆ ನೆರಳಲ್ಲೂ ಬೆಳೆಯುತ್ತದೆ. ಅದಕ್ಕೆ ಹುಳಿಯೇ ಇಲ್ಲ ಎಂದು ನಮ್ಮತ್ತೆ ಸಾಯುವತನಕ ಗೊಣಗಿದಳು.

ನಮ್ಮ ಮನೆಯ ಕೆಲಸ ಕೊಂಡಿ ಹಾಕುವುದು. ನೀವು ಸೀರೆಯ ಒಡಲಿಗೆ ಸೆರಗು ಕೂಡಿಸುವ ಕೊಂಡಿಯೇ ಇದು. ಊರಿನ ಅರಿವೆಯ ಪಡುವಣ ಅಂಚಿಗೆ ಹೊಸ ಪಟ್ಟಿಯನ್ನು ಎಳೆಎಳೆಯಾಗಿ ಕೂಡಿಸಿ, ಇಡೀ ಅರಿವೆಯನ್ನು ಮೂಡಣಕ್ಕೆ ಎಳೆದು, ಆ ಕಡೆ ಜೀರ್ಣವಾದದ್ದನ್ನು ಕತ್ತರಿಸುತ್ತೇವೆ. ಊರು ಒಂದು ಹಗಲೂ ಬಯಲಾಗಬಾರದು. ಬಯಲಾದರೆ ಕೂಸುಗಳು, ಮುದುಕರು ಉಳಿಯರು. ಬೆಳಗಿನ ಎಳೆಬಿಸಿಲಲ್ಲೇ ಕೂಡಿಸಬೇಕು, ಅದಕ್ಕೆ ಇಬ್ಬರು ಬೇಕು. ಕಿರಿಯವಳು ಅರಿವೆಯ ಮೇಲೆ ಹಾಕಿದ ಹಲಗೆಯಲ್ಲಿ, ಬಿಸಿಲ ಬದಿ. ಹಿರಿಯವಳು ಕೆಳಗೆ ಅಟ್ಟಣೆಯಲ್ಲಿ, ನೆರಳ ಬದಿ. ಒಂದೇ ಒಲೆಯಲ್ಲಿ ಉಂಡವರೇ ಹೀಗೆ ಕೂರಬೇಕು ಎನ್ನುವುದು ಓಣಿಯ ಕಟ್ಟಳೆ.

ನನ್ನ ನೆಗೆಣ್ಣಿ ಅಂಬವ್ವ, ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಒಂದು ಆಯುಷ್ಯವಿಡೀ ನನ್ನ ಕೆಳಗೆ ಕೂತಳು. ಮುಖ ಕಾಣದೆ ಹೇಳುವುದು ಸುಲಭ. ಬಸಿರು, ಬಾಣಂತನ, ಗಂಡನ ಸಾವು, ಎಲ್ಲವೂ ಅರಿವೆಯಾಚೆಗಿದ್ದ ಅವಳಿಗೆ ಹೇಳಿದ ಮೇಲೆಯೇ ನನ್ನ ಪಾಲಿಗೆ ನಿಜವಾದವು. ಹೋದ ಶ್ರಾವಣದಲ್ಲಿ ಅವಳು ತೀರಿಕೊಂಡಳು. ಯುಗಾದಿ ಹತ್ತಿರವಾಯಿತು, ಎದುರು ಕೂರುವವರಿಲ್ಲ.

ಸೊಸೆ ವಾರಿಜಾ ಕಡಲು ನುಂಗಿದ ಊರಿನವಳು. ತವರಿನವರು ಕಳಿಸುವ ಒಣಮೀನು ಬೇಯಿಸುತ್ತಾಳೆಂದು ಮದುವೆಯಾದಂದಿನಿಂದ ಅವಳ ಒಲೆ ಬೇರೆ, ನನ್ನದು ಬೇರೆ. ಅವಳೇ ಬಂದು ಕೇಳಿದಳು, “ಅತ್ತೆ, ನಾನು ಕೂತರೆ ಆಗುದಿಲ್ವಾ? ಬಲೆ ನೇಯುವವರ ಮಗಳು ನಾನು. ಗಂಟು ಹಾಕ್ಲಿಕ್ಕೆ ಬರ್ತದೆ.”

ಒಪ್ಪಿಗೆ ಕೇಳಲು ಹೋದರೆ ಓಣಿಯ ಹಿರಿಯ ಸಂಗಪ್ಪ ನಕ್ಕ. “ತುಂಗವ್ವಾ, ನಮಗ ಬಿಸಲ ತಡಿಯಾಕಿ ಬೇಕಾಗ್ಯಾಳ, ಮೀನ ಹಿಡಿಯಾಕಿ ಅಲ್ಲ. ನಿನ್ನ ಮನ್ಯಾಗ ಎರಡು ಒಲಿ ಅದಾವ. ಮೊದಲ ಅದನ್ನ ನೋಡ್ಕೋ.”

ನಾನು ಮನೆಗೆ ಬಂದು ನನ್ನ ರೊಟ್ಟಿ ಹಂಚನ್ನು ಎತ್ತಿ ಅವಳ ಒಲೆಯ ಮೇಲಿಟ್ಟೆ.

“ಅತ್ತೆ, ನಿಮ್ಗೆ ವಾಸನೆ ಆಗ್ತದೆ.”

“ನನ್ನ ಮೂಗಿಗೂ ವಯಸ್ಸಾಗೇತಿ. ಉರಿ ಸಣ್ಣ ಮಾಡು.”

ಅವಳು ಬಿಸಿಲ ಬದಿಗೆ ಕೂತಳು. ಕೈ ಬಲು ಚುರುಕು. ಆದರೆ ಅರಿವೆ ಎಳೆದಾಗ ಕೂಡಿದ ಜಾಗ ಸುಕ್ಕುಗಟ್ಟಿತು. ಪ್ರತಿ ಕೊಂಡಿಯನ್ನೂ ಅವಳು ಬಲೆಯ ಗಂಟಿನಂತೆ ಬಿಗಿದು ಕೂಡಿಸಿದ್ದಳು. ಮೀನಿಗೆ ಬಲೆ ಸಡಿಲಬಾರದು. ಗಾಳಿಗೆ ನೆರಳು ಸಡಿಲಲೇಬೇಕು, ಇಲ್ಲದಿದ್ದರೆ ಹರಿಯುತ್ತದೆ. ಕೆಳಗಿನಿಂದ ಸಂಗಪ್ಪ, “ಮೀನಿನ ಬಲಿ ಆತು ನೋಡ್ರಪ್ಪಾ,” ಎಂದ. ವಾರಿಜಾ ಇಳಿದು ಬಂದು ಸೆರಗಿನಿಂದ ಕೈ ಒರೆಸುತ್ತಲೇ ಇದ್ದಳು. ಅಂದು ಅವಳನ್ನು ಮನೆಗೆ ಕಳಿಸಿದ್ದರೆ ಓಣಿ ಅವಳನ್ನು ಮತ್ತೆಂದೂ ಹಲಗೆ ಹತ್ತಗೊಡುತ್ತಿರಲಿಲ್ಲ, ಅವಳೂ ಮತ್ತೆ ಕೇಳುತ್ತಿರಲಿಲ್ಲ.

ಹಾಕಿದ್ದನ್ನೆಲ್ಲ ಬಿಚ್ಚಿಸಿದೆ. ಅವಳನ್ನು ಕೆಳಗೆ ಹಿರಿಯರ ಜಾಗದಲ್ಲಿ ಕೂರಿಸಿ ನಾನು ಮೇಲೇರಿದೆ. ಕೊಂಡಿಯೊಳಗೆ ಸಡಿಲಕ್ಕೆಂದು ಬಿಡುವ ಕಣ್ಣು ಕಾಣುವುದು ಕೆಳಗಿನಿಂದಲೇ, ಬೆಳಕು ಅದರ ಹಿಂದೆ ನಿಂತಾಗ. ಸ್ವಲ್ಪ ಹೊತ್ತಿಗೆ ಅರಿವೆಯಾಚೆಯಿಂದ ದನಿ ಬಂತು, “ಕಾಣ್ತಾ ಉಂಟು ಅತ್ತೆ. ಸೂಜಿಕಣ್ಣಿನ ಹಾಗೆ.” ಒಂದು ಬೆಳಿಗ್ಗೆ ನಾನು ಕೇಳದೆಯೇ ಅವಳು ತವರು ಮುಳುಗಿದ ದಿನದ ಮಾತು ತೆಗೆದಳು. ತಾಯಿ ಬಾಗಿಲಿಗೆ ಬೀಗ ಹಾಕಿ ಬಂದಳಂತೆ, ನೀರು ಬೀಗದ ಮಾತು ಕೇಳುತ್ತದೆಯೋ ಎಂಬಂತೆ. ನಾನು ಎಳೆ ಇಳಿಸುತ್ತ ಹೂಂಗುಟ್ಟಿದೆ.

ನಿನ್ನೆ ಗಾಳಿ ಬಂತು. ಓಣಿಯೆಲ್ಲ ಕತ್ತೆತ್ತಿ ನಿಂತಿತ್ತು. ಅರಿವೆ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು. ಎಲ್ಲೂ ಹರಿಯಲಿಲ್ಲ. ಸಂಗಪ್ಪ ಒಮ್ಮೆ ತಲೆಯಾಡಿಸಿ ಮನೆಗೆ ಹೋದ; ಅವನಿಂದ ಅದೇ ಹೆಚ್ಚು. ನನ್ನ ತೋಳಿನ ಚರ್ಮ ಸುಲಿದಿದೆ, ಎಡಗಣ್ಣಿನ ಮಂಜು ಇನ್ನೂ ಸರಿದಿಲ್ಲ. ಮುಂದಿನ ಯುಗಾದಿಗೆ ನಾನು ಹತ್ತಲಾರೆ, ಕೆಳಗೆ ಕೂತರೂ ಕೊಂಡಿಯ ಕಣ್ಣು ಕಾಣದು. ವಾರಿಜಾಳ ಎದುರು ಯಾರು ಕೂರುವರೋ ತಿಳಿಯದು.

ಬಿಸಿಲಲ್ಲಿ ಕೂತಾಗ ಒಂದು ಮಾತು ಹೊಳೆಯಿತು, ಅದಕ್ಕೇ ಈ ಕಾಗದ. ನಾನು ನಿನ್ನ ರಕ್ತದವಳಲ್ಲ, ಈ ಮನೆಗೆ ಸೊಸೆಯಾಗಿ ಬಂದವಳು. ಅಂಬವ್ವನೂ ಹಾಗೇ, ನಮಗೆ ಕಲಿಸಿದ ಅತ್ತೆಯೂ ಹಾಗೇ. ನೀನೂ ಬೇರೆ ಒಲೆಯ ಬೂದಿ ಕೊಡವಿಕೊಂಡೇ ಬಂದಿರಬೇಕು. ನಿನ್ನಿಂದ ನನ್ನತನಕ ಈ ಕೊಂಡಿ ಹೊರಗಿನವರ ಕೈಗಳನ್ನೇ ದಾಟಿ ಬಂದಿದೆ. ಆದ್ದರಿಂದ ತಾಯಿ, ನಿನ್ನೆದುರು ಕಲಿಯಲು ಬಂದು ಕೂತವಳ ಊರು ಕೇಳು, ಉಣಿಸು, ಬೇಕಾದರೆ ಬಯ್ಯು. ಅದಕ್ಕೂ ಮೊದಲು ನೂಲಿನ ತುದಿಯನ್ನು ಅವಳ ಕೈಗೆ ಕೊಡು.

ಶರಣು,
ತುಂಗವ್ವ