ನಿಲ್ಲದೆ ಮುಂದಕ್ಕೆ ಹೋಗುವ ಸ್ಕ್ರಿಪ್ಟ್

ಶಿಕ್ಷಣ ಇಲಾಖೆಯ ದತ್ತಾಂಶ ವಿಭಾಗದ ಅಧಿಕಾರಿಗಳಿಗೆ,

ನಾನು ಎಚ್. ಪಂಪಾಂಬ, ಗಡಿನಾಡಿನ ಡಿ. ಹಿರೇಹಾಳ್ ಬಳಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಮೂವತ್ತೊಂದು ವರ್ಷ ಸೇವೆ ಸಲ್ಲಿಸಿ ನಿವೃತ್ತಳಾದವಳು. ಈ ವರ್ಷ ಅಲ್ಲಿಗೆ ಬಂದ ಪಠ್ಯಪುಸ್ತಕಗಳೆಲ್ಲ ತೆಲುಗಿನವು.

ಕಾರಣವನ್ನು ನಿಮ್ಮ ಆಪರೇಟರ್ ಚಂದ್ರಮೋಹನ್ ತಿಳಿಸಿದರು: “ಕನ್ನಡದ ಫೈಲ್ ಇದ್ರ ಬೇಡಿಕೆ ಪಟ್ಟಿ ಮಾಡೋ ಕಂಪ್ಯೂಟರ್ ಸ್ಕ್ರಿಪ್ಟ್ ಅದನ್ನ ಸೇರಿಸ್ಕೊಂತದ ಟೀಚರ್, ಇಲ್ಲಂದ್ರ ಸುಮ್ಮನ ಮುಂದಕ್ಕ ಹೋಗ್ತದ. ಖಾಲಿ ಉಳಿದ ಮಾಧ್ಯಮ ಅನ್ನೋ ಜಾಗದಾಗ ಮ್ಯಾಕ್ರೋ ಅನ್ನೋ ಇನ್ನೊಂದು ಪ್ರೋಗ್ರಾಂ ತಾನಾ ತೆಲುಗು ಅಂತ ತುಂಬ್ತದ್ರಿ.”

ಹಾಜರಿ ಕರೆಯುವಾಗ ಮಗು ಓಗೊಡದಿದ್ದರೆ ನಾನು ಮುಂದಿನ ಹೆಸರಿಗೆ ಹೋಗುತ್ತಿರಲಿಲ್ಲ; ಎಲ್ಲಿ ಎಂದು ವಿಚಾರಿಸುತ್ತಿದ್ದೆ. ಕಡತ ಸಿಗದಿದ್ದರೆ ಸ್ಕ್ರಿಪ್ಟ್ ಕೂಡ ನಿಂತು ಕೇಳುವಂತೆ ಅದರೊಳಗಿನ ‘ಇದ್ದರೆ’ ಎಂಬ ಷರತ್ತನ್ನು ತಿದ್ದಿಸಿ. ಪುಸ್ತಕಗಳ ಮರುಬೇಡಿಕೆಯ ಪಟ್ಟಿ ಸೋಮವಾರವೇ ಹೊರಡುತ್ತದಂತೆ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಇತಿ,
ಎಚ್. ಪಂಪಾಂಬ

ಲಗತ್ತುಗಳು: ಮಕ್ಕಳ ದಾಖಲಾತಿಯ ಪ್ರತಿ, ಮುಖ್ಯೋಪಾಧ್ಯಾಯರ ದೃಢೀಕರಣ, ಎರಡನೇ ತರಗತಿಯ ದುರುಗಮ್ಮ ತೆಲುಗು ಪುಸ್ತಕದ ಪ್ರತಿಯೊಂದು ಚಿತ್ರದ ಕೆಳಗೂ ಕನ್ನಡದಲ್ಲಿ ಹೆಸರು ಬರೆದುಕೊಂಡಿರುವ ಪುಟದ ಜೆರಾಕ್ಸ್.